ಬಾಗಿಲಿಲ್ಲದ ಬಚ್ಚಲು

ಮೈಲೂರಿನ ನಮ್ಮ ಮನೆಯ ಬಚ್ಚಲಿಗೆ ಬಾಗಿಲಿದೆ, ಚಿಲಕವಿಲ್ಲ. ಬಾಗಿಲಿನ ಕೆಳಗೆ ಒಂದು ಗೇಣು ಹಲಗೆಯನ್ನು ನಾನೇ ಬಡಗಿಯನ್ನು ಕರೆಸಿ ಕೊಯ್ಯಿಸಿದ್ದೇನೆ. ಕಿಟಕಿಗೆ ಗಾಜು ಹಾಕಿಸಲು ಬಿಟ್ಟಿಲ್ಲ. ಪುಷ್ಯಮಾಸದಲ್ಲಿ ಬೀದರಿನ ಗಾಳಿ ಎಲುಬಿಗಿಳಿಯುತ್ತದೆ ಎಂಬುದು ನನಗೂ ಗೊತ್ತು. ಬಂದ ಬೀಗರು ಒಳಗೆ ತಾವಿದ್ದೇವೆಂದು ತಿಳಿಸಲು ಕೆಮ್ಮುತ್ತ, ಹಾಡುತ್ತ ಸ್ನಾನ ಮಾಡಬೇಕು. ಮೊಮ್ಮಕ್ಕಳು ಅದಕ್ಕೆ ಅಜ್ಜಿಯ ಧರ್ಮಶಾಲೆ ಎಂದು ಹೆಸರಿಟ್ಟಿದ್ದಾರೆ. ಇಡಲಿ, ನನಗೇನು.

ಹೋದ ಚಳಿಗಾಲದಲ್ಲಿ ಮಗ ಗ್ಯಾಸಿನ ಗೀಸರ್ ತಂದ. ಕೂಡಿಸಲು ನೌಬಾದದಿಂದ ಒಬ್ಬ ಮೆಕ್ಯಾನಿಕ್ ಬಂದ. ಬಚ್ಚಲಿನ ಒಳಗೋಡೆಗೆ ಮೊಳೆ ಹೊಡೆಯಲು ಆತ ಸುತ್ತಿಗೆ ಎತ್ತಿದಾಗ ನಾನು ಅಡ್ಡ ನಿಂತೆ. ಹಿತ್ತಲ ಕಡೆಯ ಹೊರಗೋಡೆಗೆ ಕೂಡಿಸು, ಬಿಸಿನೀರಿನ ಪೈಪು ಮಾತ್ರ ಒಳಗೆ ತಾ ಅಂದೆ. ಎಲ್ಲರ ಮನೆಯಲ್ಲೂ ಒಳಗೇ ಕೂಡಿಸಿದ್ದೇನೆ ಎಂದು ಆತ ವಾದ ಮಾಡಿದ. ಕೊನೆಗೆ ನಗುತ್ತ, "ಅಜ್ಜಿ, ಇದು ಹೊಗಿ ಬಿಡೋದಿಲ್ಲರಿ" ಅಂದ. ಹೊಗೆ ಬಿಡುವುದಿಲ್ಲ ಎಂಬ ಮಾತು ಕೇಳಿದ್ದೇ ನನ್ನ ಸಿಟ್ಟು ನೆತ್ತಿಗೇರಿತು. ಆ ಬಡಪಾಯಿಯನ್ನು ಏನೇನು ಅಂದೆನೋ, ಈಗ ನೆನೆದರೆ ನಾಚಿಕೆಯಾಗುತ್ತದೆ. ಗೀಸರ್ ಮಾತ್ರ ಹೊರಗೇ ಕೂತಿತು.

ಮುದುಕಿಗೆ ಅರಳುಮರಳು ಎಂದು ಸೊಸೆ ಪಕ್ಕದ ಮನೆಯವಳ ಮುಂದೆ ಹೇಳಿದ್ದು ನನ್ನ ಕಿವಿಗೆ ಬಿದ್ದಿದೆ. ನಾನೂ ನನ್ನ ಅತ್ತೆಯ ಬಗ್ಗೆ ಹಾಗೇ ಹೇಳಿದವಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಆದರೆ ಕಾರಣ ಹೇಳದೆ ಹಟ ಮಾಡುವುದು ಸರಿಯಲ್ಲ ಎಂದು ಈಚೆಗೆ ಅನಿಸುತ್ತಿದೆ. ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಬಚ್ಚಲಿಗೆ ಯಾರಾದರೂ ಹೋದರೆ ಅವರು ಹೊರಗೆ ಬರುವ ತನಕ ನಾನು ಪಡಸಾಲೆಯಲ್ಲಿ ತಿರುಗುತ್ತಿರುತ್ತೇನೆ. ಅದು ಎಲ್ಲಿಂದ ಶುರುವಾಯಿತು ಎಂಬುದನ್ನು ಬರೆದಿಡುತ್ತೇನೆ.

ನನ್ನ ತವರು ಔರಾದ. ಕೊಟ್ಟದ್ದು ಭಾಲ್ಕಿಗೆ. ನಿಜಾಮರ ರಾಜ್ಯದ ಕೊನೆಯ ದಿನಗಳು, ಅವು ಕೊನೆಯವು ಎಂದು ನಮಗೆ ಗೊತ್ತಿರಲಿಲ್ಲ. ಮದುವೆಯಲ್ಲಿ ಅಪ್ಪ ಉಳಿದೆಲ್ಲ ಭಾಂಡೆಗಳ ಜೊತೆಗೆ ಒಂದು ತಾಮ್ರದ ಬಂಬು ಕೊಟ್ಟರು. ಈಗಿನವರು ನೋಡಿರಲಿಕ್ಕಿಲ್ಲ. ಎದೆಮಟ್ಟದ ತಾಮ್ರದ ಕೊಳಗ, ನಡುವೆ ಮೇಲಿಂದ ಕೆಳತನಕ ಒಂದು ಕೊಳವೆ. ಕೊಳವೆಯಲ್ಲಿ ಬೆಂಕಿ, ಅದರ ಸುತ್ತ ನೀರು. ಕೆಳಗೆ ಬೂದಿ ಬೀಳಲು ಕಬ್ಬಿಣದ ಜಾಳಿಗೆ, ಬದಿಯಲ್ಲಿ ಹಿತ್ತಾಳೆಯ ತೋಟಿ. ತೋಟಿ ತಿರುವಿದರೆ ಕುದಿನೀರು. ನನ್ನ ಮಗಳು ಹಂಡೆಯ ಒಲೆ ಊದುತ್ತ ಕಣ್ಣು ಕೆಡಿಸಿಕೊಳ್ಳಬಾರದು, ನಾಳೆ ಬಾಣಂತನಕ್ಕೂ ಆಗುತ್ತದೆ ಎಂದು ಅಪ್ಪ ಹೇಳಿದ್ದರು. ಭಾಲ್ಕಿಯ ನಮ್ಮ ಓಣಿಯಲ್ಲಿ ಅದೇ ಮೊದಲ ಬಂಬು. ಅದರ ಜಂಬ ನನಗೆ ಕಡಿಮೆ ಇರಲಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಮುಖ ಕಾಣುವ ಹಾಗೆ ಇಡುತ್ತಿದ್ದೆ.

ಬಂಬು ಮಾಡಿದವನು ಬೀದರಿನ ಚೌಬಾರಾದ ಹತ್ತಿರದ ಓಣಿಯ ಒಬ್ಬ ಮುಸಲ್ಮಾನ ಮಿಸ್ತ್ರಿ. ಗಡ್ಡ ಅರ್ಧ ನರೆತಿತ್ತು, ಬೆರಳುಗಳ ಸಂದಿನಲ್ಲಿ ತಾಮ್ರದ ಹಸಿರು ಕಿಲುಬು. ತಾನು ಮಾಡಿದ್ದನ್ನು ತಾನೇ ಕೂಡಿಸಬೇಕು ಎಂಬುದು ಆತನ ಹಟ. ರೈಲಿನಲ್ಲಿ ಬಂಬಿನ ಜೊತೆ ಕೂತು ಬಂದು, ಭಾಲ್ಕಿ ಸ್ಟೇಷನ್ನಿನಿಂದ ಚಕ್ಕಡಿಯಲ್ಲಿ ಅದನ್ನು ತಬ್ಬಿಕೊಂಡೇ ಮನೆ ಮುಟ್ಟಿದ. ಅತ್ತೆ ಬಚ್ಚಲಲ್ಲೇ ಇಡು ಅಂದರು, ನೀರು ಹೊರುವುದು ತಪ್ಪುತ್ತದೆ ಎಂದು. ಆತ ಬಚ್ಚಲೊಳಗೆ ಇಣುಕಿ ನೋಡಿದ. ಕಲ್ಲುಹಾಸಿನ ಸಣ್ಣ ಖೋಲಿ, ಒಂದು ಕಿಟಕಿ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಆಗೋದಿಲ್ಲ ಎಂದು ತಲೆಯಾಡಿಸಿದ. ಹಿತ್ತಲ ಚಪ್ಪರದ ಕೆಳಗೆ ಮೂರು ಚಪ್ಪಟೆ ಕಲ್ಲು ಹೂಳಿ, ತಾಟಿನಲ್ಲಿ ನೀರು ಹಾಕಿ ಮಟ್ಟ ನೋಡಿ, ಬೂದಿಗೊಂದು ಕುಳಿ ತೆಗೆದು ಅಲ್ಲಿ ಬಂಬು ಕೂಡಿಸಿದ.

ಆಮೇಲೆ ಸೊಸೆಯನ್ನು ಕರೀರಿ ಅಂದ. ನಾನು ಸೆರಗು ಹೊದ್ದು ಕಂಬದ ಹಿಂದೆ ನಿಂತೆ. ಆತ ಕಂಬಕ್ಕೇ ಹೇಳಿದಂತೆ ಪಾಠ ಹೇಳಿದ. ಮೊದಲು ನೀರು, ಆಮೇಲೆ ಬೆಂಕಿ. ಉಲ್ಟಾ ಮಾಡಿದರೆ ಬೆಸುಗೆ ಬಿಡುತ್ತದೆ. ಬೆಂಕಿ ಇರುವ ತನಕ ನೀರು ಪೂರಾ ತೆಗೆಯಬೇಡ, ಒಂದು ಕೊಡ ತೆಗೆದರೆ ಒಂದು ಕೊಡ ಹಾಕು. ನೀರು ಹಾಕುವ ಬಾಯಿಗೆ ಬಟ್ಟೆ ತುರುಕಬೇಡ, ಉಗಿ ಹೊರಗೆ ಹೋಗಲಿ. ಮಕ್ಕಳನ್ನು ತೋಟಿಯ ಹತ್ತಿರ ಬಿಡಬೇಡ. ಕಡೆಗೆ ಒಂದು ಮಾತು ಹೇಳಿದ.

"ಕಾಣೋ ಹೊಗಿ ದೋಸ್ತ ಅದ ಬೇಟಿ, ಕಣ್ಣಾಗ ನೀರು ತರಿಸಿ ಹೊರಗ ಓಡಿಸ್ತದ. ಇದ್ಲಿಂದು ಕಾಣೋದಿಲ್ಲ, ಅದು ದುಶ್ಮನ್. ಜೋಗುಳ ಹಾಡಿ ಮಲಗಿಸ್ತದ. ಬಂಬು ಎಂದೂ ಒಳಗ ಒಯ್ಯಬ್ಯಾಡ."

ನಾನು ಸೆರಗಿನೊಳಗೆ ನಕ್ಕೆ. ಹದಿನೆಂಟರ ಹುಡುಗಿಗೆ ಇದ್ದಿಲು ಜೋಗುಳ ಹಾಡುತ್ತದೆ ಅಂದರೆ ನಗು ಬರದೆ ಇನ್ನೇನು. ಆತ ಹೋದ ಮೇಲೆ ಅತ್ತೆ, ಇವನು ಬಂಬು ಕೂಡಿಸಲು ಬಂದನೋ ಪುರಾಣ ಹೇಳಲು ಬಂದನೋ ಅಂದರು. ಇಬ್ಬರೂ ಜೊತೆಗೂಡಿ ನಕ್ಕದ್ದು ಅದೇ ಮೊದಲ ಸಲ ಇರಬೇಕು.

ಅತ್ತೆಯ ಬಗ್ಗೆ ಇಲ್ಲಿ ಹೇಳಬೇಕು. ವಿಧವೆ, ಸಣ್ಣ ಕಾಯ, ಹಣೆತುಂಬ ವಿಭೂತಿ, ಸ್ನಾನವಾಗಿ ಲಿಂಗಪೂಜೆಯಾಗುವ ತನಕ ಹನಿ ನೀರು ಮುಟ್ಟದವರು. ಅವರಿಗೆ ಗಾಳಿಯೆಂದರೆ ವೈರಿ. ಬಾಗಿಲು ಅರ್ಧ ತೆರೆದಿದ್ದರೆ ಎದ್ದು ಹೋಗಿ ಮುಚ್ಚುತ್ತಿದ್ದರು. ಇದಕ್ಕೊಂದು ಕಾರಣವಿತ್ತು, ಅದನ್ನು ಅವರೇ ನನಗೆ ಎಷ್ಟೋ ಸಲ ಹೇಳಿದ್ದರು. ನನ್ನ ಯಜಮಾನರಿಗಿಂತ ಹಿರಿಯಳಾದ ಒಬ್ಬ ಮಗಳು ಅವರಿಗಿದ್ದಳು. ಚೊಚ್ಚಲ ಬಾಣಂತನಕ್ಕೆ ತವರಿಗೆ, ಅದೇ ಭಾಲ್ಕಿಯ ಮನೆಗೆ ಬಂದಿದ್ದಳು. ಹನ್ನೊಂದನೆಯ ದಿನ ತಲೆ ಒಡೆಯುತ್ತದೆ ಅಂದಳು, ವಾಂತಿ ಮಾಡಿಕೊಂಡಳು. ಅತ್ತೆ ನೋಡಿದರೆ ಬಾಣಂತಿ ಖೋಲಿಯ ಕಿಟಕಿ ಎರಡು ಬೆರಳು ತೆರೆದಿತ್ತು. ಗಾಳಿ ಹೊಕ್ಕಿದೆ ಎಂದು ಕಿಟಕಿ ಮುಚ್ಚಿ, ಸಂದಿಗೆಲ್ಲ ಹಳೆಯ ಅರಿವೆ ತುರುಕಿ, ಹೊರಸಿನ ಕೆಳಗೆ ಬೆಚ್ಚಗಿಡಲು ಇಟ್ಟ ಶೇಗಡಿಗೆ ಇನ್ನೆರಡು ಹಿಡಿ ಇದ್ದಿಲು ಹಾಕಿದರು. ಬೆಳಗಾಗುವಷ್ಟರಲ್ಲಿ ಮಗಳೂ ಇಲ್ಲ, ಮೊಮ್ಮಗನೂ ಇಲ್ಲ. ಈ ಮಾತು ಹೇಳಿದಾಗೆಲ್ಲ ಅವರು ಕೊನೆಗೆ ಒಂದೇ ವಾಕ್ಯ ಸೇರಿಸುತ್ತಿದ್ದರು, ಕಿಟಕಿ ಮೊದಲೇ ಮುಚ್ಚಿದ್ದರೆ ಉಳಿಯುತ್ತಿದ್ದಳು ಎಂದು.

ಕೇಳಿ ಕೇಳಿ ನನಗೆ ಬೇಸರ ಬಂದಿತ್ತು. ದೇವರು ಕ್ಷಮಿಸಲಿ, ನಾನು ಆ ಕತೆಯನ್ನು ಸರಿಯಾಗಿ ಕೇಳಿಸಿಕೊಂಡಿರಲೇ ಇಲ್ಲ.

ಮರುವರ್ಷ ನಾನು ಗರ್ಭಿಣಿ. ಅದೇ ಹೊತ್ತಿಗೆ ಸೀಮೆಯೆಲ್ಲ ಕದಡಿತು. ನಿಜಾಮರ ಕಡೆಯ ರಜಾಕಾರರ ಹೆಸರು ಹೇಳಿದರೆ ಓಣಿಯ ಬಾಗಿಲುಗಳು ಹಗಲಲ್ಲೇ ಬೀಳುತ್ತಿದ್ದವು. ಗಂಡಸರು ಒಬ್ಬೊಬ್ಬರಾಗಿ ಗಡಿ ದಾಟಿ ಸೋಲಾಪುರದ ಕಡೆ ಹೋದರು, ನನ್ನ ಯಜಮಾನರೂ ಹೋದರು. ಎಂಟು ದಿನದಲ್ಲಿ ಬಂದು ನನ್ನನ್ನು ಔರಾದಕ್ಕೆ ಮುಟ್ಟಿಸುತ್ತೇನೆ ಅಂದಿದ್ದರು. ಎಂಟು ದಿನ ಎರಡು ತಿಂಗಳಾಯಿತು. ಔರಾದದ ಹಾದಿಯಲ್ಲಿ ಚಕ್ಕಡಿ ಹೋಗುವುದು ನಿಂತಿತು. ಚೊಚ್ಚಲ ಹೆರಿಗೆ ಅವ್ವನ ಕೈಯಲ್ಲಿ ಆಗಬೇಕೆಂದು ನಾನು ಎಷ್ಟು ಹಂಬಲಿಸಿದೆನೆಂದರೆ, ಒಂದು ದಿನ ನಡೆದೇ ಹೋಗುತ್ತೇನೆ ಎಂದು ಗಂಟು ಕಟ್ಟಿಕೊಂಡು ನಿಂತಿದ್ದೆ. ಅತ್ತೆ ಗಂಟು ಬಿಚ್ಚಿ ಸೀರೆಗಳನ್ನು ಮಡಚಿಟ್ಟರು.

ಆಮೇಲೆ ಅವರು ಒಂದು ಉಪಾಯ ಮಾಡಿದರು. ಮುಂಬಾಗಿಲಿಗೆ ಹೊರಗಿನಿಂದ ದೊಡ್ಡ ಕೀಲಿ ಹಾಕಿಸಿ, ಮನೆ ಬಿಟ್ಟು ಹೋಗಿದ್ದಾರೆ ಎಂದು ಕಾಣುವ ಹಾಗೆ ಮಾಡಿಸಿದರು. ಓಣಿಯಲ್ಲಿ ಅಂಥ ಕೀಲಿ ಬಿದ್ದ ಮನೆಗಳೇ ಹೆಚ್ಚಿದ್ದವು. ನಾವಿಬ್ಬರೂ ಹಿಂಬದಿಯ ಖೋಲಿಯಲ್ಲಿ ಉಳಿದೆವು. ಸೂಲಗಿತ್ತಿ ಹಿತ್ತಲ ಗೋಡೆಯ ಒಡಕಿನಿಂದ ಬಂದು ಹೆರಿಗೆ ಮಾಡಿಸಿ ಹೋದಳು. ಹೆಣ್ಣುಕೂಸು. ಕೀಲಿ ಬಿದ್ದ ಮನೆಯಲ್ಲಿ ಕೂಸು ಅಳಬಾರದು, ಒಲೆಯ ಹೊಗೆ ಏಳಬಾರದು. ಆದರೆ ಬಾಣಂತಿಗೆ ದಿನವೂ ತಲೆಯ ಮೇಲೆ ಕುದಿಕುದಿ ನೀರು ಬೀಳಲೇಬೇಕು. ಅದನ್ನು ಬಿಡುವುದು ಅತ್ತೆಯ ತಲೆಗೆ ಹೊಳೆಯುವ ಮಾತೇ ಅಲ್ಲ.

ಹಾಗಾಗಿ ಸೂಲಗಿತ್ತಿಯೂ ಅತ್ತೆಯೂ ಸೇರಿ ಬಂಬನ್ನು ಚಪ್ಪರದಿಂದ ಕಿತ್ತು ಬಚ್ಚಲೊಳಗೆ ತಂದಿಟ್ಟರು. ಕಟ್ಟಿಗೆ ಬೇಡ, ಹೊಗೆ ಕಾಣುತ್ತದೆ. ಬಾಣಂತಿಯ ಶೇಗಡಿಗೆಂದು ಕೂಡಿಟ್ಟ ಒಂದು ಚೀಲ ಇದ್ದಿಲಿತ್ತು, ಅದಕ್ಕೆ ಹೊಗೆಯಿಲ್ಲ. ಮಾಳಿಗೆಯಿಂದ ಯಾರೂ ಇಳಿಯಬಾರದೆಂದು ಬೆಳಕಿಂಡಿಗೆ ಆಗಲೇ ಕಲ್ಲು ಮುಚ್ಚಿತ್ತು. ನಾನು ಹೊರಸಿನ ಮೇಲಿಂದಲೇ, ಮಿಸ್ತ್ರಿ ಒಳಗೆ ಒಯ್ಯಬೇಡ ಅಂದಿದ್ದನಲ್ಲ ಎಂದೆ.

"ಇಂಥಾ ದಿನ ಬರ್ತಾವಂತ ಮಿಸ್ತ್ರಿಗಿ ಗೊತ್ತಿತ್ತೇನು?" ಅಂದರು ಅತ್ತೆ.



ಮೊದಲ ಎರಡು ದಿನ ಎಲ್ಲ ಸರಿಯಿತ್ತು. ಮೂರನೆಯ ದಿನ ಸ್ನಾನ ಮುಗಿಸಿ ಬಂದರೆ ತಲೆ ಸಿಡಿಯತೊಡಗಿತು. ಹೊಟ್ಟೆ ತೊಳಸಿತು. ಅತ್ತೆಯ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. ಬಚ್ಚಲಿನ ಕಿಟಕಿಯ ಕದ ಸರಿಯಾಗಿ ಕೂಡುತ್ತಿರಲಿಲ್ಲ, ಬೆರಳು ಹೋಗುವಷ್ಟು ಸಂದಿತ್ತು. ಗಾಳಿ ಹೊಕ್ಕದ, ಗಾಳಿ ಹೊಕ್ಕದ ಎಂದು ಗೊಣಗುತ್ತ ಅವರು ಅದಕ್ಕೆ ಅರಿವೆ ತುರುಕಿದರು. ನನ್ನ ಕಿವಿಗೆ ಹತ್ತಿ ತುಂಬಿ ತಲೆಗೆ ಕುಲಾಯಿ ಬಿಗಿದರು. ಮರುದಿನ ತಲೆನೋವು ಇನ್ನೂ ಹೆಚ್ಚಾಯಿತು. ಅವರು ಬಾಗಿಲ ಕೆಳಗಿನ ಸಂದಿಗೂ ಗೋಣಿ ಒತ್ತಿದರು, ಇದ್ದಿಲನ್ನೂ ಹೆಚ್ಚು ಹಾಕಿದರು. ನೋವು ಏರಿದಷ್ಟೂ ಮುಚ್ಚುವುದು ಏರಿತು. ತಮಗೂ ತಲೆ ನೋಯುತ್ತದೆ ಎಂದರೆ ಅದು ಉಪವಾಸಕ್ಕೆ, ಅಂಜಿಕೆಗೆ ಎಂದು ಅವರ ಲೆಕ್ಕ.

ಒಂದು ಮಾತ್ರ ನಮಗೆ ಸಮಾಧಾನ ಕೊಟ್ಟಿತ್ತು. ಎರೆದ ಮೇಲೆ ಕೂಸು ಗಟ್ಟಿ ನಿದ್ದೆ ಹೋಗುತ್ತಿತ್ತು. ಮೊಲೆಗೂ ಏಳುತ್ತಿರಲಿಲ್ಲ. ಹೊರಗೆ ಓಣಿಯಲ್ಲಿ ಹೆಜ್ಜೆ ಸಪ್ಪಳವಾದಾಗ, ಕೂಸು ಅಳಲಿಲ್ಲವಲ್ಲ ಎಂದು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಉಸಿರು ಬಿಡುತ್ತಿದ್ದೆವು. ಎಂಥ ಶಾಣ್ಯಾ ಕೂಸು, ಕಾಲ ನೋಡಿ ಹುಟ್ಟಿದೆ ಎಂದು ಅತ್ತೆ ದೃಷ್ಟಿ ತೆಗೆಯುತ್ತಿದ್ದರು.

ಹನ್ನೊಂದನೆಯ ದಿನ ಮುಂಜಾನೆ ಬೀದರಿನ ಕಡೆಯ ಆಕಾಶದಲ್ಲಿ ವಿಮಾನದ ಗುಡುಗು ಕೇಳಿಸಿತು. ಹಿಂದೂಸ್ತಾನದ ಫೌಜು ಬರುತ್ತಿದೆ ಎಂದು ಸೂಲಗಿತ್ತಿ ಹಿಂದಿನ ದಿನವೇ ಹೇಳಿಹೋಗಿದ್ದಳು. ಅದು ಒಳ್ಳೆಯದೋ ಕೆಟ್ಟದ್ದೋ ನಮಗೆ ತಿಳಿಯಲಿಲ್ಲ. ಅತ್ತೆಗೆ ಬೇರೆಯೇ ಅಂಜಿಕೆ, ಹನ್ನೊಂದನೆಯ ದಿನದ್ದು. ಅವತ್ತು ಬಂಬಿನ ಕೊಳವೆಯ ಬಾಯಿತನಕ ಇದ್ದಿಲು ತುಂಬಿದರು, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದರು. ಕೂಸಿಗೆ ಕಾಲಮೇಲೆ ಹಾಕಿಕೊಂಡು ಎರೆದು, ಅರಿವೆ ಸುತ್ತಿ ಗೋಡೆಯ ಬದಿಗೆ ಮಲಗಿಸಿದರು. ಆಮೇಲೆ ನನ್ನ ತಲೆಗೆ ನೀರು ಹಾಕತೊಡಗಿದರು.

ನಾಲ್ಕು ತಂಬಿಗೆ ಬಿದ್ದದ್ದು ನೆನಪಿದೆ. ಐದನೆಯದು ಬೀಳಲಿಲ್ಲ. ತಲೆ ಎತ್ತಿ ನೋಡಿದರೆ ಅತ್ತೆ ಗೋಡೆಗೆ ಒರಗಿ ಕೂತಿದ್ದರು, ತಂಬಿಗೆ ತೊಡೆಯ ಮೇಲಿತ್ತು. ತೋಟಿಯಿಂದ ನೀರು ಸುಮ್ಮನೆ ಹರಿಯುತ್ತಿತ್ತು. ಏನಾಯಿತ್ರಿ ಎಂದು ಕೇಳಬೇಕೆಂದುಕೊಂಡೆ, ಬಾಯಿ ಏಳಲಿಲ್ಲ. ನಿಜ ಹೇಳುತ್ತೇನೆ, ನನಗೆ ಅಂಜಿಕೆಯಾಗಲಿಲ್ಲ. ಎಷ್ಟೋ ದಿನದ ಚಡಪಡಿಕೆ ಒಮ್ಮೆಲೇ ಇಳಿದು, ಮೈಗೆಲ್ಲ ಸುಖವಾದ ನಿದ್ದೆ ಹತ್ತಿತು. ಇಲ್ಲೇ ಒಂದಿಷ್ಟು ಮಲಗೋಣ ಅನಿಸಿತು. ಆ ಸುಖ ನೆನೆದರೆ ಇವತ್ತಿಗೂ ನನ್ನ ಮೈ ಜುಮ್ಮೆನ್ನುತ್ತದೆ. ಕಣ್ಣು ಮುಚ್ಚುವಾಗ ಮಿಸ್ತ್ರಿಯ ಮಾತು ಕಿವಿಯಲ್ಲಿ ಬಂತು, ಜೋಗುಳ ಹಾಡಿ ಮಲಗಿಸ್ತದ.

ಹೇಗೆ ಎದ್ದೆನೋ ಗೊತ್ತಿಲ್ಲ. ಕಾಲು ನನ್ನವಾಗಿರಲಿಲ್ಲ. ತೆವಳಿ ಹೋಗಿ ಚಿಲಕ ಹಿಡಿದೆ, ಬೆರಳು ಎರಡು ಸಲ ಜಾರಿತು. ಮೂರನೆಯ ಸಲ ತೆಗೆದು, ಕೂಸನ್ನು ಎದೆಗೊತ್ತಿಕೊಂಡು ಹಿತ್ತಲಿಗೆ ಬಿದ್ದೆ. ಜಿಟಿಜಿಟಿ ಮಳೆಯಿತ್ತು. ಹಸಿಬಾಣಂತಿ, ಒದ್ದೆ ತಲೆ, ಮೈಮೇಲೆ ಒದ್ದೆ ಸೀರೆ, ಬಯಲಿನಲ್ಲಿ. ಯಾವ ಬಾಣಂತಿಯೂ ಮಾಡಬಾರದ್ದನ್ನೆಲ್ಲ ನಾನು ಒಂದೇ ಗಳಿಗೆಯಲ್ಲಿ ಮಾಡಿದ್ದೆ. ಕೂಸನ್ನು ಚಪ್ಪರದ ಕೆಳಗೆ ಒಣ ಜಾಗದಲ್ಲಿಟ್ಟು ಒಳಗೆ ಹೋಗಿ, ಉಸಿರು ಬಿಗಿಹಿಡಿದು ಅತ್ತೆಯ ಎರಡೂ ಕಂಕುಳಿಗೆ ಕೈಹಾಕಿ ಎಳೆದೆ. ಸಣ್ಣ ಕಾಯದವರಾದದ್ದಕ್ಕೆ ಉಳಿದರು. ಹೊಸ್ತಿಲು ದಾಟಿಸಿ ಮಳೆಯಲ್ಲೇ ಬಿಟ್ಟೆ.

ಕೂಸು ಅಳುತ್ತಿರಲಿಲ್ಲ. ತುಟಿ ಕೆಂಪಗಿತ್ತು, ಕತ್ತು ಜೋಲುತ್ತಿತ್ತು. ಅಂಗಾಲು ಹೊಡೆದೆ. ಕುಂಡಿ ಚಿವುಟಿದೆ. ಮುಖಕ್ಕೆ ಮಳೆನೀರು ಬಡಿದೆ. ಹತ್ತು ದಿನ ಅದರ ಬಾಯಿಗೆ ಅಂಗೈ ಒತ್ತಿ ಅಳಬೇಡ ಎಂದು ಬೇಡಿಕೊಂಡವಳು ಅವತ್ತು ಅಳು, ನನ್ನವ್ವಾ ಅಳು ಎಂದು ಕೂಗುತ್ತಿದ್ದೆ. ಓಣಿಯವರು ಕೇಳಲಿ, ಮುಂಬಾಗಿಲು ಮುರಿದು ಯಾರಾದರೂ ಬರಲಿ, ಬಂದು ಕಡಿಯಲಿ, ಈ ಕೂಸು ಒಮ್ಮೆ ಅಳಲಿ. ಬೇರೆ ಏನೂ ನನ್ನ ತಲೆಯಲ್ಲಿರಲಿಲ್ಲ.

ಅತ್ತಿತು. ಮೊದಲು ಬಿಕ್ಕಳಿಕೆಯಂತೆ ಸಣ್ಣದು, ಆಮೇಲೆ ಓಣಿ ಕೇಳುವ ಹಾಗೆ. ಯಾರೂ ಬರಲಿಲ್ಲ. ಒಂದು ನಾಯಿ ಬೊಗಳಿತು, ಅಷ್ಟೇ.

ಅತ್ತೆ ಕಣ್ಣು ಬಿಟ್ಟದ್ದು ಅದಾದ ಎಷ್ಟೋ ಹೊತ್ತಿಗೆ. ಅಳುವ ಕೂಸನ್ನು, ಒದ್ದೆಯಾದ ನನ್ನನ್ನು, ತೆರೆದ ಬಾಗಿಲನ್ನು ನೋಡಿದರು. ಗಾಳಿ ಹೊಕ್ಕೀತು ಒಳಗೆ ನಡಿ ಎಂದು ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ವಾಂತಿ ಮಾಡಿ, ಕಟ್ಟೆಯ ಮೇಲೆ ಕೂತು, ಬಹಳ ಹೊತ್ತು ಆ ಬಾಗಿಲನ್ನೇ ನೋಡಿದರು. ಒಳಗೆ ನೀರು ಪೂರಾ ಹರಿದುಹೋಗಿ, ಬರಿದಾದ ಬಂಬು ಕೆಂಡದಲ್ಲಿ ಸುಡುತ್ತಿತ್ತು. ಸ್ವಲ್ಪ ಹೊತ್ತಿಗೆ ಬೆಸುಗೆ ಕರಗಿ ತೋಟಿ ಠಣ್ಣೆಂದು ಕಲ್ಲಿನ ಮೇಲೆ ಬಿತ್ತು.

ಫೌಜು ಬಂತು, ರಾಜ್ಯ ಬದಲಾಯಿತು. ಯಜಮಾನರು ಗಡ್ಡ ಬಿಟ್ಟುಕೊಂಡು ಹಿಂದಿರುಗಿ, ಮಗಳನ್ನು ಮೊದಲ ಸಲ ಎತ್ತಿಕೊಂಡರು. ಔರಾದದಿಂದ ಅವ್ವ ಬಂದಳು. ನಮ್ಮ ಮನೆಯ ಕೀಲಿ ತೆಗೆದದ್ದಾಯಿತು, ಆದರೆ ಓಣಿಯ ಆಚೆ ಬದಿಯ ಮನೆಗಳಿಗೆ, ಮುಸಲ್ಮಾನರ ಮನೆಗಳಿಗೆ ಕೀಲಿ ಬಿತ್ತು. ಕೆಲವಕ್ಕೆ ಬಾಗಿಲೇ ಇರಲಿಲ್ಲ. ಮೊದಲು ನಾವು ಅಂಜಿ ಮುಚ್ಚಿಕೊಂಡಿದ್ದೆವು, ಈಗ ಅವರು. ನೋಡಿಯೂ ನೋಡದವರ ಹಾಗೆ ನಾವು ನೀರಿಗೆ ಹೋಗಿ ಬಂದೆವು. ನಾನೂ ಹಾಗೇ ಹೋಗಿ ಬಂದವಳು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಆದರೆ ಆ ಮಿಸ್ತ್ರಿ ಬದುಕಿದ್ದಾನೋ ಇಲ್ಲವೋ ಎಂಬ ಚಿಂತೆ ನನ್ನನ್ನು ಕೂರಲು ಬಿಡಲಿಲ್ಲ. ಬಂಬು ರಿಪೇರಿ ಆಗಬೇಕು, ಅದಕ್ಕೆ ಅವನೇ ಬೇಕು ಎಂದು ಯಜಮಾನರ ಜೀವ ತಿಂದೆ. ಬೇಸಿಗೆ ಬರುವ ಹೊತ್ತಿಗೆ ಅವರು ಬೀದರಿಗೆ ಹೋಗಿ, ಅಷ್ಟೂರಿನ ಒಂದು ತೋಟದಲ್ಲಿ ಅವನು ಇದ್ದಾನೆಂದು ತಿಳಿದು ಕರೆತಂದರು. ಸ್ಟೇಷನ್ನಿನಿಂದ ಮನೆಯ ತನಕ ಅವನ ಹೆಗಲ ಮೇಲೆ ಕೈ ಹಾಕಿಕೊಂಡೇ ನಡೆದರಂತೆ, ಯಾರೂ ಏನೂ ಅನ್ನಬಾರದೆಂದು. ಅವನ ಗಡ್ಡ ಪೂರಾ ಬೆಳ್ಳಗಾಗಿತ್ತು. ಅಂಗಡಿ ಹೋಯಿತು ಅಂದ. ಮನೆಯಲ್ಲಿ ಎಲ್ಲ ಹ್ಯಾಂಗಿದ್ದಾರೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ, ಅವನೂ ಹೇಳಲಿಲ್ಲ.

ಬಂಬನ್ನು ಮಗುಚಿ, ಕರಗಿದ ಬೆಸುಗೆಯ ಮೇಲೆ ಬೆರಳಾಡಿಸಿದ. ನೀರಿಲ್ಲದೆ ಸುಟ್ಟಿದೆ ಅಂದ. ಎಲ್ಲಿಟ್ಟಿದ್ದಿರಿ ಎಂದು ಕೇಳಿದ. ಈ ಸಲ ನಾನು ಕಂಬದ ಹಿಂದೆ ನಿಲ್ಲಲಿಲ್ಲ. ಎದುರಿಗೆ ಕೂತು ನಡೆದದ್ದನ್ನೆಲ್ಲ ಹೇಳಿದೆ, ಹೇಳುವಾಗ ಅತ್ತೆಯ ಮೇಲಿನ ಸಿಟ್ಟನ್ನೂ ಮುಚ್ಚಿಡಲಿಲ್ಲ. ಆ ಏಳು ತಿಂಗಳೂ ಆ ಸಿಟ್ಟು ನನ್ನ ಹೊಟ್ಟೆಯಲ್ಲಿ ಕುದಿಯುತ್ತಿತ್ತು. ಅವರು ಕೂಸನ್ನು ಎತ್ತಿಕೊಂಡರೆ ನಾನು ಕಸಿದುಕೊಳ್ಳುತ್ತಿದ್ದೆ. ಇನ್ನೊಂದು ಮಾತೂ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅವರ ಮಗಳನ್ನು ಕೊಂದದ್ದು ಗಾಳಿಯಲ್ಲ ಎಂಬುದು. ಯಾವತ್ತಾದರೂ ಜಗಳದಲ್ಲಿ ಅದನ್ನು ಎಸೆಯುತ್ತೇನೆಂದು ಇಟ್ಟುಕೊಂಡಿದ್ದೆ.

ಅತ್ತೆ ಅಲ್ಲೇ ಹೊಸ್ತಿಲಲ್ಲಿ ಕೂತಿದ್ದರು. ಮುಸಲ್ಮಾನನ ಜೊತೆ ಹತ್ತು ಮಾತು ಆಡಿದವರಲ್ಲ. ಅವತ್ತು ಅವರೇ ಕೇಳಿದರು.

"ಮಿಸ್ತ್ರಿ, ನನ್ನ ಮಗಳು ಈ ಮನಿಯಾಗೇ ಹೋದಳು. ಹೊರಸಿನ ಕೆಳಗ ಶೇಗಡಿ ಇತ್ತು. ಕಿಡಕಿ ನಾನೇ ಮುಚ್ಚಿದ್ದೆ. ಅದೂ ಇದೇ ಏನು?"

ಮಿಸ್ತ್ರಿ ಕೆಲಸ ನಿಲ್ಲಿಸಿದ. ಒಮ್ಮೆ ನನ್ನ ಕಡೆ ನೋಡಿದ. ಗೊತ್ತಿದೆ ಎಂಬುದು ಅವನ ಕಣ್ಣಲ್ಲಿತ್ತು. ನನಗೆ ಗೊತ್ತಿದೆ ಎಂಬುದೂ ಅವನಿಗೆ ತಿಳಿಯಿತು. ಇಷ್ಟು ದಿನ ಕಾದಿದ್ದ ಗಳಿಗೆ ಅದೇ. ಹೌದು ಅಂದರೆ ಸಾಕಿತ್ತು. ಹೊಸ್ತಿಲ ಮೇಲೆ ಕೂತ ಆ ಸಣ್ಣ ಕಾಯವನ್ನು ನೋಡಿದೆ, ಎರಡೂ ಕೈ ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು. ನಾನು ಬಾಯಿ ಮುಚ್ಚಿದೆ.

"ಅದು ಬ್ಯಾರೆ ಅಮ್ಮಾ" ಅಂದ ಮಿಸ್ತ್ರಿ. "ಬಾಣಂತಿ ಬುಖಾರ್ ಇದ್ದಿರಬೇಕು. ಅದಕ್ಕ ದವಾ ಇಲ್ಲ. ನಿಮ್ಮ ಕೈಯಾಗ ಏನಿತ್ತು?"

ಅತ್ತೆ ತಲೆಯಾಡಿಸಿದರು. ಒಳಗೆ ಹೋಗಿ ತಾವು ಕುಡಿಯುವ ತಂಬಿಗೆಯಲ್ಲೇ ನೀರು, ಜೊತೆಗೆ ಬೆಲ್ಲ ತಂದು ಅವನ ಮುಂದಿಟ್ಟರು. ಅವನು ತೋಟಿ ಬೆಸೆದು, ಬಂಬನ್ನು ಮತ್ತೆ ಚಪ್ಪರದ ಕೆಳಗೆ ಅದೇ ಮೂರು ಕಲ್ಲಿನ ಮೇಲೆ ಕೂಡಿಸಿ ಹೋದ. ಆ ಮೇಲೆ ಅವನನ್ನು ನಾನು ನೋಡಲಿಲ್ಲ.

ಮರುದಿನ ಮುಂಜಾನೆ ಬಡಿಯುವ ಸಪ್ಪಳ ಕೇಳಿ ಹಿತ್ತಲಿಗೆ ಬಂದರೆ ಅತ್ತೆ ಒಂದು ಕೊಡಲಿ ಹಿಡಿದು ಬಚ್ಚಲಿನ ಬಾಗಿಲಿನ ಬಿಜಾಗರಿಗಳನ್ನು ಒಡೆಯುತ್ತಿದ್ದರು. ಸಹಾಯಕ್ಕೆ ಬಂದ ನನ್ನ ಯಜಮಾನರಿಗೆ ಸರಿ ಅತ್ತ ಅಂದರು. ಬಾಗಿಲು ಬಿದ್ದ ಮೇಲೆ ಕಿಟಕಿಯ ಕದ ಕಿತ್ತರು. ಬೆಳಕಿಂಡಿಯ ಕಲ್ಲು ತೆಗೆಸಿದರು. ಸತ್ತ ಮಗಳ ಖೋಲಿಯ ಕಿಟಕಿಯನ್ನೂ ಬಿಡಲಿಲ್ಲ. ಆ ಕದಗಳನ್ನೆಲ್ಲ ಕಡಿದು ಬಂಬಿಗೇ ಹಾಕಿದರು, ನಾಲ್ಕು ದಿನ ನೀರು ಕಾಯಿತು, ಹಿತ್ತಲತುಂಬ ಹೊಗೆ. ಬಚ್ಚಲಿಗೆ ಒಂದು ಹಳೆಯ ಇಳಕಲ್ ಸೀರೆಯ ಪರದೆ ಬಂತು. ಬಾಗಿಲಿಲ್ಲದ ಮನೆ ಎಂದು ಓಣಿಯವರು ನಕ್ಕರು. ಮುದುಕಿಗೆ ಅರಳುಮರಳು ಎಂದು ನಾನೂ ನೀರಿನ ಬಾವಿಯ ಹತ್ತಿರ ಹೇಳಿದೆ. ಆದರೆ ಕೂಸನ್ನು ಅವರ ಕೈಯಿಂದ ಕಸಿದುಕೊಳ್ಳುವುದನ್ನು ಬಿಟ್ಟೆ.

ನಮ್ಮ ಸೀಮೆ ಕನ್ನಡ ನಾಡಿಗೆ ಸೇರುವ ಮೊದಲೇ ಎರಡನೆಯ ಹೆರಿಗೆಯೂ ಆಯಿತು. ಗಂಡುಕೂಸು, ಈಗ ಗೀಸರ್ ತಂದವನು ಅವನೇ. ಹಾದಿ ಸುರಳೀತವಿತ್ತು, ಔರಾದಕ್ಕೆ ಹೋಗಬಹುದಿತ್ತು. ಭಾಲ್ಕಿಯಲ್ಲೇ ಇರುತ್ತೇನೆ ಎಂದು ನಾನೇ ಹೇಳಿದೆ. ಅವತ್ತು ಅತ್ತೆ ಎರಡು ರೊಟ್ಟಿ ಹೆಚ್ಚು ಉಂಡರು.

ಹನ್ನೊಂದನೆಯ ದಿನ ಮತ್ತೆ ಬಂತು. ಚಳಿಗಾಲ. ಬಂಬು ಹೊರಗೆ ಚಪ್ಪರದ ಕೆಳಗೆ ಕಟ್ಟಿಗೆಯ ಹೊಗೆ ಕಾರುತ್ತಿತ್ತು. ಅತ್ತೆ ಕೊಡದ ಮೇಲೊಂದು ಕೊಡ ಬಿಸಿನೀರು ಹೊತ್ತು ತಂದು ಹಂಡೆಗೆ ಸುರಿದರು. ಕೂಸಿಗೆ ಎರೆದಾಯಿತು, ಅದು ಚೀರಿ ಚೀರಿ ಅತ್ತಿತು, ಅಳಲಿ ಅಳಲಿ ಅಂದರು. ನನ್ನ ಹಿಂದೆ ಬಂದು ನಿಂತರು. ಪರದೆ ಗಾಳಿಗೆ ಹಾರುತ್ತಿತ್ತು. ಥಂಡಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು, ಆದರೂ ಅದನ್ನು ಎಳೆಯಲು ಇಬ್ಬರೂ ಕೈ ಎತ್ತಲಿಲ್ಲ. ಮೊದಲ ತಂಬಿಗೆ ತುಂಬಿಕೊಂಡು ಅವರು ಹಾಗೇ ನಿಂತರು.

"ಆ ಮಿಸ್ತ್ರಿ ನನಗ ಸುಳ್ಳು ಹೇಳ್ದ" ಅಂದರು. "ನೀನೂ ಸುಮ್ಮಕ ಕುಂತಿದ್ದಿ. ನಿನಗೂ ಬಾಯಿ ಮುಚ್ಚಾಕ ಬರ್ತದಂತ ನನಗ ಅವತ್ತೇ ಗೊತ್ತಾತು."

ನಾನು ತಿರುಗಿ ನೋಡಲು ಹೋದೆ. ಅವರು ನನ್ನ ನೆತ್ತಿಯ ಮೇಲೆ ಕೈಯಿಟ್ಟು ತಡೆದರು.

"ತಲಿ ಬಗ್ಗಸು" ಅಂದರು. "ನೀರು ಹಾಕ್ತೇನಿ."